ಬೆಂಕಿ ಬಿದ್ದ ಮನೆಯ ವಿಮೆ: ವಕೀಲರು ಯಾವಾಗ ಬೇಕು?

ಪ್ರಶ್ನೆ: ಫ್ರಿಜ್‌ನಿಂದ ಹೊತ್ತಿದ ಬೆಂಕಿಗೆ ನಮ್ಮ ಅಡುಗೆ ಮನೆ, ಪಕ್ಕದ ಕೋಣೆ ಸುಟ್ಟುಹೋದವು. ಗೃಹಸಾಲದ ಜೊತೆ ಬ್ಯಾಂಕಿನವರೇ ಮಾಡಿಸಿದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ನನ್ನ ಹೆಸರಿನಲ್ಲಿದೆ. ವಿಮಾ ಮೊತ್ತ 18 ಲಕ್ಷ ರೂಪಾಯಿ. ನಮ್ಮ ಲೆಕ್ಕದಲ್ಲಿ ನಷ್ಟ 6.8 ಲಕ್ಷ. ನಷ್ಟ ಅಂದಾಜು ಮಾಡಲು ಬಂದ ಸರ್ವೇಯರ್ ಅದನ್ನು 5.1 ಲಕ್ಷಕ್ಕೆ ಇಳಿಸಿ, ‘ಮನೆಯ ಬೆಲೆ 30 ಲಕ್ಷ, ವಿಮೆ ಮಾಡಿಸಿದ್ದು 18 ಲಕ್ಷಕ್ಕೆ ಮಾತ್ರ’ ಎಂದು ಶೇ 40 ಕಡಿತ ಮಾಡಿದ್ದಾರೆ. ಗುಜರಿ ಬೆಲೆ 6 ಸಾವಿರ ಕಳೆದು ಕಂಪನಿ 3 ಲಕ್ಷ ಕೊಡುವುದಾಗಿ ಹೇಳಿ ವೋಚರ್‌ಗೆ (ಹಣ ಒಪ್ಪಿಕೊಂಡ ಪತ್ರಕ್ಕೆ) ಸಹಿ ಕೇಳುತ್ತಿದೆ. ಫ್ರಿಜ್ಜನ್ನೂ ಬೀರುವಿನಲ್ಲಿ ಸುಟ್ಟ 40 ಸಾವಿರ ನಗದನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಪರಿಚಯದ ವಕೀಲರೊಬ್ಬರು, ಬಂದ ಹಣದಲ್ಲಿ ಶೇ 15 ಕೊಟ್ಟರೆ ಎಲ್ಲ ನೋಡಿಕೊಳ್ಳುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?
– ಗೃಹಿಣಿ, ದಾವಣಗೆರೆ

ಉತ್ತರ: ಒಪ್ಪಬೇಡಿ. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು, ಫಲಿತಾಂಶಕ್ಕೆ ಫೀಸು ಕಟ್ಟಿಹಾಕುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಲೆಕ್ಕದಲ್ಲೂ ಇದು ನಷ್ಟದ ವ್ಯವಹಾರ. ಕಂಪನಿ ಈಗಾಗಲೇ ಒಪ್ಪಿರುವ 3 ಲಕ್ಷದ ಮೇಲೂ ನೀವು 45 ಸಾವಿರ ತೆರಬೇಕಾಗುತ್ತದೆ. ಆ ಹಣಕ್ಕಾಗಿ ವಕೀಲರು ಒಂದು ಸಾಲನ್ನೂ ಬರೆದಿರುವುದಿಲ್ಲ.

ನಿಮ್ಮ ಪ್ರಕರಣದ ಜೀವಾಳ ಆ ಶೇ 40ರ ಕಡಿತ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದವರಿಗೆ ಅದೇ ಅನುಪಾತದಲ್ಲಿ ಪರಿಹಾರ ಇಳಿಸುವುದು ಅಗ್ನಿ ವಿಮೆಯ ಹಳೆಯ ಪದ್ಧತಿ. ಆದರೆ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ. ಅರ್ಜಿಯಲ್ಲಿ ಮನೆಯ ವಿಸ್ತೀರ್ಣ ಸರಿಯಾಗಿ ನಮೂದಾಗಿದ್ದರೆ, ವಿಮಾ ಮೊತ್ತದ ಮಿತಿಯೊಳಗಿನ ನಷ್ಟವನ್ನು ಪೂರ್ತಿ ಕೊಡಬೇಕು. ಅಂದರೆ ಸರ್ವೇಯರ್ ತಾವೇ ಬರೆದ ಅಂಕಿಯ ಪ್ರಕಾರ ನಿಮಗೆ ಸಲ್ಲಬೇಕಾದದ್ದು 5.04 ಲಕ್ಷ. ಹಾಗೆಯೇ, ಆ 30 ಲಕ್ಷದಲ್ಲಿ ನಿವೇಶನದ ಬೆಲೆ ಸೇರಿದೆಯೇ ನೋಡಿ. ನೆಲ ಸುಡುವುದಿಲ್ಲ, ಅದಕ್ಕೆ ವಿಮೆಯೂ ಇಲ್ಲ.

ಫ್ರಿಜ್ ಮತ್ತು ನಗದಿನ ವಿಷಯದಲ್ಲಿ ಕಂಪನಿ ಸರಿ. ಶಾರ್ಟ್ ಸರ್ಕಿಟ್‌ನಿಂದ ಹಾಳಾದ ಆ ಒಂದು ಉಪಕರಣವನ್ನು ಪಾಲಿಸಿ ಹೊರಗಿಡುತ್ತದೆ. ಅದರಿಂದ ಹಬ್ಬಿದ ಬೆಂಕಿಯ ನಷ್ಟಕ್ಕೆ ರಕ್ಷಣೆ ಇದ್ದೇ ಇದೆ. ಮನೆಯಲ್ಲಿಟ್ಟ ನಗದಿಗೆ ರಕ್ಷಣೆ ಇಲ್ಲ. ಇವೆರಡನ್ನೂ ದೂರಿನಲ್ಲಿ ತುರುಕಿದರೆ ಗಟ್ಟಿಯಾದ ವಾದವೂ ಸಡಿಲವಾಗಿ ಕಾಣುತ್ತದೆ. ಬದಲಿಗೆ, ಕಟ್ಟಡದ ವಿಮಾ ಮೊತ್ತದ ಶೇ 20ರವರೆಗೆ, ಗರಿಷ್ಠ 10 ಲಕ್ಷದ ಮಿತಿಯಲ್ಲಿ, ಮನೆಯ ಸಾಮಾನಿಗೂ ತಾನಾಗಿಯೇ ರಕ್ಷಣೆ ಇರುತ್ತದೆ ಎಂಬುದನ್ನು ಗಮನಿಸಿ. ನಿಮ್ಮ ಪಾಲಿಗೆ ಅದು 3.6 ಲಕ್ಷ. ಮಂಚ, ಹಾಸಿಗೆ, ಪಾತ್ರೆ, ಬಟ್ಟೆಗಳನ್ನು ಸರ್ವೇಯರ್ ಸೇರಿಸಿದ್ದಾರೆಯೇ? ಸುಟ್ಟ ಕಸ ಸಾಗಿಸಿದ ಖರ್ಚು, ಮನೆ ವಾಸಕ್ಕೆ ಯೋಗ್ಯವಿಲ್ಲದ ದಿನಗಳಲ್ಲಿ ಬೇರೆ ಕಡೆ ಕಟ್ಟಿದ ಬಾಡಿಗೆಯನ್ನೂ ಮಿತಿಗೊಳಪಟ್ಟು ಕೇಳಬಹುದು. 6.8 ಮತ್ತು 5.1 ಲಕ್ಷದ ನಡುವಿನ ಉಳಿದ ವ್ಯತ್ಯಾಸಕ್ಕೆ ನಿಮಗೆ ಬೇಕಾದದ್ದು ವಕೀಲರಲ್ಲ, ಒಬ್ಬ ಸಿವಿಲ್ ಎಂಜಿನಿಯರ್. ತಾರಸಿಯ ಕಾಂಕ್ರೀಟ್ ಚಕ್ಕೆ ಎದ್ದು ಕಬ್ಬಿಣ ಕಾಣುತ್ತಿದ್ದರೆ, ‘ಗಿಲಾವು ಮತ್ತು ಬಣ್ಣ’ ಎಂದು ಬರೆದ ಅಂದಾಜು ನಿಲ್ಲುವುದಿಲ್ಲ. ಅವರಿಂದ ಅಳತೆಸಹಿತ ಅಂದಾಜುಪಟ್ಟಿ ಬರೆಸಿ, ಅಗ್ನಿಶಾಮಕ ಠಾಣೆಯ ವರದಿ, ಫೋಟೊಗಳೊಂದಿಗೆ ಲಗತ್ತಿಸಿ. ಸರ್ವೇಯರ್ ವರದಿಯೇ ಅಂತಿಮವಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ.

ವೋಚರ್ ಬಗ್ಗೆ ಎಚ್ಚರ. ‘ಪೂರ್ಣ ಮತ್ತು ಅಂತಿಮ ಪರಿಹಾರವಾಗಿ’ ಎಂಬ ಸಾಲು ಇರುವ ಕಾಗದಕ್ಕೆ ಹಾಗೆಯೇ ಸಹಿ ಹಾಕಬೇಡಿ. ‘ಉಳಿದ ಹಣ ಕೇಳುವ ಹಕ್ಕನ್ನು ಕಾಯ್ದಿರಿಸಿ ಭಾಗಶಃ ಪಾವತಿಯಾಗಿ ಪಡೆದಿದ್ದೇನೆ’ ಎಂದು ಕೈಯಲ್ಲೇ ಬರೆದು ಸಹಿ ಮಾಡಿ, ಅದೇ ದಿನ ಕಂಪನಿಗೆ ಇಮೇಲ್ ಕಳುಹಿಸಿ. ಒತ್ತಾಯಕ್ಕೆ ಸಹಿ ಹಾಕಿದವರ ಹಕ್ಕು ಹೋಗುವುದಿಲ್ಲವೆಂದು ತೀರ್ಪುಗಳಿವೆ, ನಿಜ. ಆದರೆ ಒತ್ತಾಯವಿತ್ತೆಂದು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೇ ಬರುತ್ತದೆ. ಸಾಲ ಬಾಕಿ ಇರುವುದರಿಂದ ಹಣ ಬ್ಯಾಂಕಿನ ಖಾತೆಗೆ ಹೋಗುವ ಸಾಧ್ಯತೆಯೂ ಇದೆ. ರಿಪೇರಿಗೆ ಬಿಡುಗಡೆ ಮಾಡುವಂತೆ ಅಲ್ಲಿಗೂ ಈಗಲೇ ಪತ್ರ ಕೊಡಿ.

ಇನ್ನು ದೂರು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ) ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, 50 ಲಕ್ಷದವರೆಗಿನ ಪರಿಹಾರಕ್ಕೆ ಅಧಿಕಾರವಿದೆ. ಅಲ್ಲಿ ನಿಮ್ಮ ಪರ ವಕೀಲರು ವಾದಿಸುವಂತೆಯೇ ಇಲ್ಲ! ತೀರ್ಪಿಗೆ ಕಂಪನಿ ಬದ್ಧವಾಗಿರಲೇಬೇಕು; ನಿಮಗೆ ಒಪ್ಪಿಗೆಯಾಗದಿದ್ದರೆ ಆಮೇಲೆ ಜಿಲ್ಲಾ ಗ್ರಾಹಕ ಆಯೋಗದ ದಾರಿ ತೆರೆದೇ ಇರುತ್ತದೆ. ಮೊದಲೇ ಆಯೋಗಕ್ಕೆ ಹೋದರೆ ಮಾತ್ರ ಒಂಬುಡ್ಸ್‌ಮನ್ ಬಾಗಿಲು ಮುಚ್ಚುತ್ತದೆ. ಹೀಗಾಗಿ ಈ ಕ್ರಮ ತಪ್ಪಿಸಬೇಡಿ. ಆಯೋಗಕ್ಕೆ ಹೋಗಲು ಇರುವ ಎರಡು ವರ್ಷದ ಗಡುವು ಮಾತ್ರ ನೆನಪಿರಲಿ.

ಹಾಗಾದರೆ ವಕೀಲರು ಬೇಡವೇ? ಈಗ ಬೇಕಾದದ್ದು ಪಾಲಿಸಿ ಮತ್ತು ಸರ್ವೇ ವರದಿಯನ್ನು ಎದುರಿಟ್ಟುಕೊಂಡು ಓದಿ, ದೂರಿನ ಕರಡು ತಿದ್ದಿಕೊಡುವವರು. ಅದಕ್ಕೆ ಒಂದು ಬಾರಿಯ ಫೀಸು ಮಾತನಾಡಿ ರಸೀದಿ ಪಡೆಯಿರಿ. ಗ್ರಾಹಕ ಆಯೋಗದ ಹಂತಕ್ಕೆ ಬಂದರೆ ವಕಾಲತ್ತು ಕೊಡುವುದು ಒಳ್ಳೆಯದು, ಏಕೆಂದರೆ ಕಂಪನಿಯ ಪರ ಅನುಭವಸ್ಥ ವಕೀಲರು ನಿಂತಿರುತ್ತಾರೆ. ನೀವು ಮಹಿಳೆಯಾದ್ದರಿಂದ, ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಸಹಾಯವಾಣಿ 15100.

ಪ್ರಶ್ನೆ: ನಾನು ಬಾಡಿಗೆಗಿದ್ದ ಮನೆಗೆ ಬೆಂಕಿ ಬಿತ್ತು. ಮಾಲೀಕರಿಗೆ ವಿಮಾ ಹಣ ಬಂತು. ಈಗ ವಿಮಾ ಕಂಪನಿ, ನಿಮ್ಮ ಅಜಾಗರೂಕತೆಯೇ ಕಾರಣ, ಆ ಹಣ ಕಟ್ಟಿ ಎಂದು ನನಗೆ ಲಾಯರ್ ನೋಟಿಸು ಕಳುಹಿಸಿದೆ. ಸುಮ್ಮನಿರಬಹುದೇ?
– ಖಾಸಗಿ ಉದ್ಯೋಗಿ, ಶಿವಮೊಗ್ಗ

ಉತ್ತರ: ಖಂಡಿತ ಇಲ್ಲ. ನೀವು ಇಂದೇ ವಕೀಲರನ್ನು ಕಾಣಬೇಕು. ಪರಿಹಾರ ಕೊಟ್ಟ ಕಂಪನಿಗೆ ಮಾಲೀಕರ ಸ್ಥಾನದಲ್ಲಿ ನಿಂತು ವಸೂಲಿ ಮಾಡುವ ಹಕ್ಕಿರುತ್ತದೆ. ಆದರೆ ನಿಮ್ಮ ತಪ್ಪಿನಿಂದಲೇ ಬೆಂಕಿ ಬಿತ್ತೆಂದು ಅವರು ಸಾಬೀತುಪಡಿಸಬೇಕು. ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ಆರೋಪ ನಿರಾಕರಿಸಿ ಉತ್ತರ ಹೋಗಲಿ. ಮಾಲೀಕರ ಪಾಲಿಸಿ ಹಾಗೂ ಸರ್ವೇ ವರದಿಯ ಪ್ರತಿಯನ್ನು ಅದರಲ್ಲೇ ಕೇಳಿ. ವೈರಿಂಗ್ ಹಳೆಯದಾಗಿದೆ ಎಂದು ಮಾಲೀಕರಿಗೆ ನೀವು ಹಿಂದೆ ಕಳುಹಿಸಿದ್ದ ವಾಟ್ಸ್‌ಆ್ಯಪ್ ಸಂದೇಶವೇನಾದರೂ ಇದ್ದರೆ ಅಳಿಸಬೇಡಿ. ಹಳೆಯ ಫೋನನ್ನೂ ಮಾರಬೇಡಿ.