ಮಂಜಿಗೊಂದು ಲೆಕ್ಕ, ಬಂಡೆಗೊಂದು ಲೆಕ್ಕ: ಛಾಯಾಗ್ರಹಣ ಪ್ರಶ್ನೋತ್ತರ

ಮಳೆಗಾಲ ಮುಗಿಯುತ್ತ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಬಗೆಯೂ ಬದಲಾಗುತ್ತದೆ. ಯಾವ ಕ್ಯಾಮೆರಾ ಕೊಳ್ಳಬೇಕೆಂದು ಕೇಳುವವರು ಕಡಿಮೆಯಾಗಿ, ಜೋಗಕ್ಕೋ ಆಗುಂಬೆಗೋ ಹೋಗಿಬಂದು, ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ‘ಕಣ್ಣಿಗೆ ಕಂಡದ್ದು ಇದಲ್ಲವಲ್ಲ’ ಎಂದು ಬೇಸರಪಟ್ಟುಕೊಂಡವರ ಪತ್ರಗಳು ಹೆಚ್ಚುತ್ತವೆ. ಈ ಸಲ ಅಂಥವನ್ನೇ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಆಗಸ್ಟ್‌ನಲ್ಲಿ ಜೋಗದ ವೀಕ್ಷಣಾ ಕಟ್ಟೆಯಿಂದ ತೆಗೆದ ಚಿತ್ರವನ್ನು ಕಳುಹಿಸಿದ್ದೇನೆ. ಬಂಡೆ ಬೂದುಬಣ್ಣಕ್ಕೆ ತಿರುಗಿದೆಯೆಂದು ಕಾಂಟ್ರಾಸ್ಟ್ (ತಿಳಿ-ಕಪ್ಪುಗಳ ನಡುವಿನ ಅಂತರ) ಹೆಚ್ಚಿಸಿದರೆ ಮಂಜು ಸುಣ್ಣ ಬಳಿದಂತೆ ಕಾಣುತ್ತದೆ. ರಾಜನ ಧಾರೆ ಬರೀ ಬಿಳಿ ಪಟ್ಟಿಯಾಗುತ್ತದೆ. ಮಂಜನ್ನು ಉಳಿಸಲು ಹೋದರೆ ಬಂಡೆ ಸಪ್ಪೆಯಾಗುತ್ತದೆ. ಲುಮಿನಾಸಿಟಿ ಮಾಸ್ಕ್ ಬಳಸಬೇಕೆಂದು ಗೆಳೆಯರು ಹೇಳುತ್ತಾರೆ. ಹಾಗೆಂದರೇನು? – ಸಾಗರದ ಓದುಗರು

ಉತ್ತರ: ನಿಮ್ಮ ಫೈಲನ್ನು ತೆರೆದು ಅಲ್ಲಲ್ಲಿ ಅಳೆದು ನೋಡಿದೆ. ಕಡುಗಪ್ಪಿಗೆ 0, ಅಚ್ಚಬಿಳಿಗೆ 255 ಎಂದು ಇಟ್ಟುಕೊಂಡರೆ, ಬಂಡೆಯ ಬಹುಭಾಗ 40ರಿಂದ 100ರೊಳಗೆ ಇದೆ, ಮಂಜು 190ರಿಂದ 235ರೊಳಗೆ ಇದೆ. ಬೆಳಕಿನ ಮಟ್ಟಗಳನ್ನು ರೇಖೆ ಬಗ್ಗಿಸಿ ತಿದ್ದುವ ಕರ್ವ್ಸ್ ಸಾಧನದಲ್ಲಿ ನೀವು ಎಳೆದ ‘ಎಸ್’ ಆಕಾರದ ರೇಖೆಯ ನಂತರ ಮಂಜು 222ರಿಂದ 250ರೊಳಗೆ ಬಂದು ನಿಂತಿದೆ. ಎಂದರೆ, ಮೊದಲು 45 ಹಂತಗಳಲ್ಲಿ ಹರಡಿಕೊಂಡಿದ್ದ ಮಂಜಿನ ಒಳಸುಳಿಗಳು ಈಗ 28 ಹಂತಗಳಲ್ಲಿ ಮುದುಡಿಕೊಂಡಿವೆ. ಸುಣ್ಣ ಬಳಿದಂತೆ ಕಾಣುವುದಕ್ಕೆ ಇದೇ ಕಾರಣ.

ಇದು ನಿಮ್ಮ ಕೈತಪ್ಪಲ್ಲ, ಕರ್ವ್ಸ್‌ನ ಸ್ವಭಾವ. ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯನ್ನು ನೆನಪಿಸಿಕೊಳ್ಳಿ. ಒಟ್ಟು ಏರಬೇಕಾದ ಎತ್ತರವೂ ರಸ್ತೆಯ ಉದ್ದವೂ ಮೊದಲೇ ನಿಗದಿಯಾಗಿರುವಾಗ, ಒಂದು ತಿರುವಿನಲ್ಲಿ ರಸ್ತೆ ಕಡಿದಾದರೆ ಇನ್ನೆಲ್ಲೋ ಅದು ಅಷ್ಟೇ ಸಮತಟ್ಟಾಗಲೇಬೇಕು. ಕರ್ವ್ಸ್‌ನ ರೇಖೆಯೂ 0ಯಿಂದ 255ಕ್ಕೆ ಏರುವ ದಾರಿ. ಅದು ಕಡಿದಾದ ಕಡೆ ಕಾಂಟ್ರಾಸ್ಟ್ ಹೆಚ್ಚುತ್ತದೆ, ಸಮತಟ್ಟಾದ ಕಡೆ ಕುಗ್ಗುತ್ತದೆ. ಇಡೀ ಚಿತ್ರಕ್ಕೆ ಒಂದೇ ರೇಖೆ ಹಾಕುವವರೆಗೆ ಬಂಡೆಗೆ ಕೊಟ್ಟದ್ದನ್ನು ಮಂಜಿನಿಂದ ಕಿತ್ತುಕೊಳ್ಳದೆ ಬೇರೆ ದಾರಿಯಿಲ್ಲ.

ಮಾಸ್ಕ್ ಬರುವುದು ಇಲ್ಲಿ. ಮಳೆಗಾಲಕ್ಕೆ ಮೊದಲು ಅಡಿಕೆ ಕೊನೆಗೆ (ಗೊನೆಗೆ) ಮಳೆ ತಾಕದಂತೆ ಕೊಟ್ಟೆಯ ಹೊದಿಕೆ ಕಟ್ಟುವುದನ್ನು ನೀವು ನೋಡಿಯೇ ಇರುತ್ತೀರಿ. ಮರವೆಲ್ಲ ನೆನೆದರೂ ಕೊನೆ ನೆನೆಯುವುದಿಲ್ಲ. ಮಾಸ್ಕ್ ಕೂಡ ಅಂಥದೇ ಮರೆ, ಆದರೆ ಅರೆಬರೆಯಾಗಿಯೂ ಮುಚ್ಚಬಲ್ಲ ಮರೆ. ಅದು ಕಪ್ಪಾಗಿರುವ ಕಡೆ ತಿದ್ದುಪಡಿ ತಾಕುವುದಿಲ್ಲ, ಬಿಳಿಯಾಗಿರುವ ಕಡೆ ಪೂರ್ತಿ ತಾಕುತ್ತದೆ, ಬೂದಾಗಿರುವ ಕಡೆ ಆ ಬೂದಿನ ಪ್ರಮಾಣದಷ್ಟು ತಾಕುತ್ತದೆ. ಕುಂಚ ಹಿಡಿದು ಕೈಯಿಂದ ಬಳಿಯುವ ಬದಲು ಚಿತ್ರದ ಕಪ್ಪು-ಬಿಳುಪು ಪ್ರತಿಯನ್ನೇ ಮಾಸ್ಕ್ ಆಗಿ ಬಳಸಿದರೆ ಅದು ಲುಮಿನಾಸಿಟಿ ಮಾಸ್ಕ್. ಬೆಳಕು ಎಲ್ಲಿದೆಯೋ ಅಲ್ಲಿ ಅದು ತಾನಾಗಿ ತೆರೆದುಕೊಳ್ಳುತ್ತದೆ. ಕಾಡಿನ ಒಂದೊಂದು ಎಲೆಯ ಅಂಚನ್ನೂ ನೀವು ಗೀಚಬೇಕಾಗಿಲ್ಲ.

ಫೋಟೋಶಾಪ್‌ನಲ್ಲಿ ಚಾನೆಲ್ಸ್ ಫಲಕವನ್ನು ತೆರೆದು, ಕಂಟ್ರೋಲ್ ಕೀಲಿ ಒತ್ತಿಹಿಡಿದು, ಕೆಂಪು, ಹಸಿರು, ನೀಲಿ ಮೂರೂ ಚಾನೆಲ್ ಸೇರಿದ ಮೇಲಿನ ಆರ್‌ಜಿಬಿ ಚಿತ್ರಿಕೆಯ ಮೇಲೆ ಕ್ಲಿಕ್ ಮಾಡಿದರೆ ಬೆಳಕಿನ ಭಾಗಗಳು ಆಯ್ಕೆಯಾಗುತ್ತವೆ. ನಿಮಗೆ ಬೇಕಾದದ್ದು ಬಂಡೆಯಾದ್ದರಿಂದ ಆ ಆಯ್ಕೆಯನ್ನು ಕಂಟ್ರೋಲ್, ಶಿಫ್ಟ್, ಐ ಒತ್ತಿ ತಿರುಗುಮುರುಗು ಮಾಡಿ, ಅನಂತರ ಕರ್ವ್ಸ್ ಪದರವನ್ನು ಸೇರಿಸಿ. ಆಯ್ಕೆಯೇ ಆ ಪದರದ ಮಾಸ್ಕ್ ಆಗುತ್ತದೆ. ಈಗ 40ರ ಮಟ್ಟದ ಬಂಡೆಯ ಸಂದು ಸುಮಾರು ಶೇ 84ರಷ್ಟು, 200ರ ಮಟ್ಟದ ಮಂಜು ಶೇ 22ರಷ್ಟು ಆಯ್ಕೆಯಾಗಿರುತ್ತದೆ. ಆ 22 ಕೂಡ ಹೆಚ್ಚೆನಿಸಿದರೆ ಆಯ್ಕೆಯನ್ನು ಅದರಿಂದಲೇ ಛೇದಿಸಬೇಕು (ಇಂಟರ್‌ಸೆಕ್ಟ್). ಛೇದಿಸುವುದೆಂದರೆ ಇಲ್ಲಿ ಗುಣಿಸುವುದು: 0.84ನ್ನು 0.84ರಿಂದ ಗುಣಿಸಿದರೆ ಬಂಡೆ ಶೇ 71ಕ್ಕೆ ಇಳಿಯುತ್ತದೆ, 0.22ನ್ನು 0.22ರಿಂದ ಗುಣಿಸಿದರೆ ಮಂಜು ಶೇ 5ರ ಆಸುಪಾಸಿಗೆ ಇಳಿಯುತ್ತದೆ. ಬಂಡೆಗೆ ಹೆಚ್ಚು ನಷ್ಟವಿಲ್ಲ, ಮಂಜಿಗೆ ಬಹುಮಟ್ಟಿಗೆ ಬಿಡುಗಡೆ. ಇನ್ನು ಕರ್ವ್ಸ್‌ನಲ್ಲಿ 40ನ್ನು 32ಕ್ಕೆ ಇಳಿಸಿ, 100ನ್ನು 115ಕ್ಕೆ ಏರಿಸಿ ನೋಡಿ.

ನೀರಿನ ವಿಷಯ ಬೇರೆ, ಇಲ್ಲಿ ಹಲವರು ಎಡವುತ್ತಾರೆ. ಬೆಳಕಿನ ಭಾಗಗಳ ಮಾಸ್ಕ್ ಹಾಕಿ ರಾಜನ ಧಾರೆಯನ್ನು ಕೆಳಗಿಳಿಸಿದರೆ ಹೊಳಪು ತಗ್ಗುತ್ತದೆ ನಿಜ, ಆದರೆ ನೀರಿನ ಎಳೆಗಳೂ ಮಾಯವಾಗುತ್ತವೆ. ಅತಿ ಬೆಳ್ಳಗಿನ ಎಳೆ ಹೆಚ್ಚು ಆಯ್ಕೆಯಾಗಿರುವುದರಿಂದ ಹೆಚ್ಚು ಕೆಳಗಿಳಿಯುತ್ತದೆ, ಪಕ್ಕದ ಮಬ್ಬು ಸಂದು ಕಡಿಮೆ ಇಳಿಯುತ್ತದೆ. ಎರಡರ ಅಂತರವೇ ಕರಗಿಹೋಗುತ್ತದೆ. ಇದಕ್ಕೆ ಪರಿಹಾರವೆಂದರೆ ಮಾಸ್ಕನ್ನು ಗೌಸಿಯನ್ ಬ್ಲರ್‌ನಿಂದ ತುಸು ಮಸುಕು ಮಾಡುವುದು. ಆಗ ಎಳೆಗೂ ಸಂದಿಗೂ ಒಂದೇ ಪ್ರಮಾಣದ ಇಳಿಕೆ ಸಿಗುತ್ತದೆ, ನೀರು ನೀರಾಗಿಯೇ ಉಳಿಯುತ್ತದೆ. ಮಸುಕು ಮಾಡಿದ ಮಾಸ್ಕ್ ಬಂಡೆಯ ಅಂಚಿಗೂ ಚೆಲ್ಲುತ್ತದೆಯಾದ್ದರಿಂದ ಆ ಪದರವನ್ನು ಒಂದು ಗ್ರೂಪಿನೊಳಗೆ ಹಾಕಿ, ಗ್ರೂಪಿನ ಕಪ್ಪು ಮಾಸ್ಕ್‌ನಲ್ಲಿ ಧಾರೆಯ ಭಾಗವನ್ನು ಮಾತ್ರ ಬಿಳಿ ಕುಂಚದಿಂದ ಬಳಿದು ಬಿಡಿ. ರಾಣಿಯ ಕಡೆಗೆ ಇದರ ಅಗತ್ಯ ಕಡಿಮೆ. ಅಲ್ಲಿ ನೀರು ಬಂಡೆಯ ಮೈಮೇಲೆ ಹರಡಿ ಇಳಿಯುವುದರಿಂದ ನೆರಳು ಅದರೊಳಗೇ ಬೆರೆತಿದೆ.

ಒಂದು ಮಾತು ಬೇಸರದ್ದು. ಧಾರೆಯ ನೆತ್ತಿಯಲ್ಲಿ ಅಂಗೈಯಗಲದ ಭಾಗ ಮೂರೂ ಚಾನೆಲ್‌ಗಳಲ್ಲಿ 255 ತೋರಿಸುತ್ತಿದೆ. ಅಲ್ಲಿ ಮಾಹಿತಿಯೇ ಇಲ್ಲ; ಯಾವ ಮಾಸ್ಕ್ ಹಾಕಿದರೂ ಅದು ಬಿಳಿಯಿಂದ ಬೂದಾಗುತ್ತದೆಯೇ ಹೊರತು ನೀರಾಗುವುದಿಲ್ಲ. ಮುಂದಿನ ಸಲ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಕಡಿಮೆ, ಎಂದರೆ ಬೆಳಕು ಅರ್ಧದಷ್ಟಾಗುವಂತೆ, ಇಟ್ಟುಕೊಳ್ಳಿ.

ಪ್ರಶ್ನೆ: ಕುಂದಾದ್ರಿಯ ಮೇಲಿನಿಂದ ಬೆಳಗಿನ ಜಾವ ತೆಗೆದ ಚಿತ್ರದಲ್ಲಿ ಒಂದರ ಹಿಂದೊಂದು ಗುಡ್ಡದ ಸಾಲುಗಳಿವೆ. ಮಂಜಿನ ಮಬ್ಬು ತೆಗೆಯುವ ಡಿಹೇಜ್ ಕೊಟ್ಟಾಗ ಎಲ್ಲವೂ ಸ್ಪಷ್ಟವಾದವು, ಆದರೆ ದೂರ ಎಂಬುದೇ ಹೋಯಿತು. ಆಕಾಶದಲ್ಲಿ ಪಟ್ಟೆಗಳೂ ಮೂಡಿವೆ. – ತೀರ್ಥಹಳ್ಳಿಯ ಓದುಗರು

ಉತ್ತರ: ನಿಮ್ಮ ಮೂಲ ಚಿತ್ರದಲ್ಲಿ ಹತ್ತಿರದ ಸಾಲು 60ರ ಮಟ್ಟದಲ್ಲಿದೆ, ಅದರ ಹಿಂದಿನದು 110, ಮತ್ತೂ ಹಿಂದಿನದು 150, ಕೊನೆಯದು 185. ಹಿಂದೆ ಸರಿದಂತೆಲ್ಲ ಸಾಲುಗಳು ಮಸುಕಾಗುತ್ತ, ತಂತಮ್ಮೊಳಗಿನ ವಿವರವನ್ನೂ ಕಳೆದುಕೊಳ್ಳುತ್ತ ಹೋಗುವುದರಿಂದಲೇ ಕಣ್ಣಿಗೆ ದೂರ ತಿಳಿಯುವುದು. ಡಿಹೇಜ್ ಮಾಡಿದ್ದು ನಾಲ್ಕಕ್ಕೂ ಒಂದೇ ಗಟ್ಟಿತನ ಕೊಡುವ ಕೆಲಸ. ಕೊನೆಯ ಗುಡ್ಡ ಅಂಗಳಕ್ಕೆ ಬಂದು ಕೂತಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಡಿಹೇಜನ್ನು ತೆಗೆದುಹಾಕಿ. ಮೇಲೆ ಹೇಳಿದ ನೆರಳಿನ ಮಾಸ್ಕನ್ನು ಎರಡು ಸಲ ಛೇದಿಸಿ ಹತ್ತಿರದ ಸಾಲಿಗೆ ಮಾತ್ರ ಕಾಂಟ್ರಾಸ್ಟ್ ಕೊಡಿ, ಎರಡನೆಯದಕ್ಕೆ ಅದರ ಸುಮಾರು ಅರ್ಧ ತಾನಾಗಿ ತಾಕಲಿ, ಉಳಿದವನ್ನು ಇದ್ದಂತೆ ಬಿಡಿ. ಮಲೆನಾಡಿನ ಚಿತ್ರಗಳಲ್ಲಿ ಮಂಜನ್ನು ದೋಷವೆಂದು ತಿಳಿದು ಒರೆಸಿಹಾಕುವ ಚಾಳಿ ಈಚೆಗೆ ಹೆಚ್ಚುತ್ತಿದೆ, ನನಗೆ ಅದು ಸರಿಕಾಣುವುದಿಲ್ಲ.

ಪಟ್ಟೆಗಳಿಗೆ ಕಾರಣ ನೀವು ಜೆಪೆಗ್ ಫೈಲಿನಿಂದ ಕೆಲಸ ಆರಂಭಿಸಿದ್ದು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಹಂತಗಳು. ಕ್ಯಾಮೆರಾ ದಾಖಲಿಸಿದ್ದನ್ನು ಇದ್ದಂತೆ ಇಟ್ಟುಕೊಳ್ಳುವ 14 ಬಿಟ್‌ನ ರಾ ಫೈಲಿನಲ್ಲಿ 16,384. ನಿಮ್ಮ ಆಕಾಶ 150ರಿಂದ 180ರವರೆಗೆ ಮಾತ್ರ ಇದೆ, ಎಂದರೆ ನಾಲ್ಕು ಸಾವಿರ ಪಿಕ್ಸೆಲ್ ಅಗಲದಲ್ಲಿ ಬರೀ 30 ಹಂತಗಳು, ಒಂದೊಂದು ಹಂತ ನೂರಮೂವತ್ತಕ್ಕೂ ಹೆಚ್ಚು ಪಿಕ್ಸೆಲ್ ಅಗಲ. ಅದನ್ನು ಹಿಗ್ಗಿಸಿದಾಗ ಹೊಸ ಹಂತಗಳು ಹುಟ್ಟುವುದಿಲ್ಲ, ಇದ್ದ ಹಂತಗಳ ನಡುವಿನ ಜಿಗಿತ ದೊಡ್ಡದಾಗುತ್ತದೆ. ರಾ ಫೈಲಿದ್ದರೆ 16 ಬಿಟ್‌ನಲ್ಲಿ ತೆರೆದು ಮೊದಲಿನಿಂದ ಆರಂಭಿಸಿ. ಇಲ್ಲದಿದ್ದರೆ ಆಕಾಶವನ್ನು ಮುಟ್ಟಬೇಡಿ.

ಪ್ರಶ್ನೆ: ಮಧ್ಯಮ ಛಾಯೆಗಳ ಮಾಸ್ಕ್ ಮಾಡಲು ಹೋದಾಗ ಶೇ 50ಕ್ಕಿಂತ ಹೆಚ್ಚು ಆಯ್ಕೆಯಾದ ಪಿಕ್ಸೆಲ್ ಇಲ್ಲವೆಂಬ ಎಚ್ಚರಿಕೆ ಬರುತ್ತದೆ, ಆಯ್ಕೆಯ ಅಂಚಿನಲ್ಲಿ ಚಲಿಸುವ ಚುಕ್ಕೆಗೆರೆಯೂ ಕಾಣುವುದಿಲ್ಲ. ಎಲ್ಲಿ ತಪ್ಪಿದೆ? – ಶಿವಮೊಗ್ಗದ ಓದುಗರು

ಉತ್ತರ: ಎಲ್ಲಿಯೂ ತಪ್ಪಿಲ್ಲ. ಬೆಳಕಿನ ಆಯ್ಕೆಯನ್ನು ನೆರಳಿನ ಆಯ್ಕೆಯಿಂದ ಛೇದಿಸಿದಾಗ ನಟ್ಟನಡುವಿನ ಬೂದಿನಲ್ಲಿ 0.5ನ್ನು 0.5ರಿಂದ ಗುಣಿಸಿದಂತಾಗಿ, ಗರಿಷ್ಠವೆಂದರೂ ಶೇ 25ರ ಆಯ್ಕೆ ಸಿಗುತ್ತದೆ. ಚುಕ್ಕೆಗೆರೆ ಮೂಡುವುದು ಶೇ 50 ದಾಟಿದಲ್ಲಿ ಮಾತ್ರ. ಎಚ್ಚರಿಕೆಗೆ ಸರಿಯೆಂದು ಒತ್ತಿ ಕರ್ವ್ಸ್ ಪದರವನ್ನು ಸೇರಿಸಿ, ಮಾಸ್ಕ್ ಅಲ್ಲಿರುತ್ತದೆ. ಪರಿಣಾಮ ಮೆದುವೆನಿಸಿದರೆ ರೇಖೆಯನ್ನು ಧಾರಾಳವಾಗಿ ಬಗ್ಗಿಸಬಹುದು.

ಪ್ರಶ್ನೆ: ನಮ್ಮ ಅಡಿಕೆ ತೋಟದ ಚಿತ್ರಕ್ಕೆ ಕಾಂಟ್ರಾಸ್ಟ್ ಕೊಟ್ಟೊಡನೆ ಹಸಿರು ಕಣ್ಣಿಗೆ ಚುಚ್ಚುತ್ತದೆ. ಬಣ್ಣವನ್ನು ನಾನು ಮುಟ್ಟಿಯೇ ಇಲ್ಲ. – ಹೊಸನಗರದ ಓದುಗರು

ಉತ್ತರ: ನೀವು ಮುಟ್ಟಿಲ್ಲ, ಕರ್ವ್ಸ್ ಮುಟ್ಟಿದೆ. ನಿಮ್ಮ ಸೋಗೆಯ ಒಂದು ಬಿಂದುವನ್ನು ತೆಗೆದುಕೊಳ್ಳೋಣ: ಕೆಂಪು 70, ಹಸಿರು 110, ನೀಲಿ 40. ರೇಖೆ ಬಗ್ಗಿಸಿದ ಮೇಲೆ ಅದೇ ಬಿಂದು 55, 120, 25 ಆಗಿದೆ. ಹಸಿರಿಗೂ ನೀಲಿಗೂ ಇದ್ದ 70ರ ಅಂತರ 95ಕ್ಕೆ ಏರಿದೆ. ಬಣ್ಣದ ತೀವ್ರತೆಯೆಂದರೆ ಈ ಅಂತರವೇ. ಕರ್ವ್ಸ್ ಪದರದ ಬ್ಲೆಂಡಿಂಗ್ ಮೋಡನ್ನು ನಾರ್ಮಲ್‌ನಿಂದ ಲುಮಿನಾಸಿಟಿಗೆ ಬದಲಿಸಿದರೆ ಬೆಳಕು-ನೆರಳು ಮಾತ್ರ ಬದಲಾಗಿ ಬಣ್ಣ ಇದ್ದಲ್ಲೇ ನಿಲ್ಲುತ್ತದೆ. ಕೆಲವೊಮ್ಮೆ ಚಿತ್ರ ಸ್ವಲ್ಪ ಒಣಗಿದಂತೆ ಕಾಣಬಹುದು. ಆಗ ಅದೇ ಪದರದ ಇನ್ನೊಂದು ಪ್ರತಿಯನ್ನು ನಾರ್ಮಲ್‌ನಲ್ಲಿಟ್ಟು, ಅಪಾರದರ್ಶಕತೆಯನ್ನು ಶೇ 20ಕ್ಕೆ ಇಳಿಸಿ.

ತೋಟದ ಚಿತ್ರಗಳಿಗೆ ಇನ್ನೊಂದು ಉಪಾಯವಿದೆ. ಬೆಳಕಿನ ಲೆಕ್ಕದಲ್ಲಿ ಹಸಿರು ಚಾನೆಲ್‌ಗೆ ಸುಮಾರು ಶೇ 59, ಕೆಂಪಿಗೆ 30, ನೀಲಿಗೆ 11ರಷ್ಟು ತೂಕವಿರುವುದರಿಂದ, ಸಾಮಾನ್ಯ ಲುಮಿನಾಸಿಟಿ ಮಾಸ್ಕ್‌ನಲ್ಲಿ ಸೋಗೆಯೂ ಮರದ ಕಾಂಡವೂ ಹೆಚ್ಚುಕಡಿಮೆ ಒಂದೇ ಬೂದಾಗಿ ಬೆರೆತುಹೋಗುತ್ತವೆ. ಕೆಂಪು ಚಾನೆಲ್ ಒಂದನ್ನೇ ತೆರೆದು ನೋಡಿ: ಎಲೆಯೆಲ್ಲ ಕಪ್ಪಗಾಗಿ, ಕಾಂಡದ ಮೇಲಿನ ಕಲ್ಲುಹೂವಿನ ಬಿಳಿ ಮಚ್ಚೆಗಳು ಎದ್ದು ಕಾಣುತ್ತವೆ. ಆ ಚಾನೆಲನ್ನೇ ಆಯ್ಕೆಯಾಗಿ ತೆಗೆದುಕೊಂಡರೆ ಎಲೆಯನ್ನು ಹೆಚ್ಚು ಕದಡದೆ ಕಾಂಡಗಳ ಸಾಲಿಗೆ ಕಾಂಟ್ರಾಸ್ಟ್ ಕೊಡಬಹುದು. ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ಮಾತ್ರ ಆಕಾಶದ ಪ್ರತಿಬಿಂಬ, ಅದನ್ನು ತಗ್ಗಿಸಬೇಕಾದದ್ದು ತೋಟದಲ್ಲೇ, ಲೆನ್ಸಿನ ಮುಂದಿನ ಪೋಲರೈಸರ್ ಫಿಲ್ಟರನ್ನು ತಿರುಗಿಸಿ.

ಪ್ರಶ್ನೆ: ಫೋಟೋಶಾಪ್‌ಗೆ ಹಣ ಕಟ್ಟಲಾಗದವರಿಗೆ ದಾರಿಯಿದೆಯೇ? – ಕೊಪ್ಪದ ಓದುಗರು

ಉತ್ತರ: ಇದೆ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಪದರದ ಪ್ರತಿ ತೆಗೆದು, ಅದಕ್ಕೆ ಮಾಸ್ಕ್ ಸೇರಿಸುವಾಗ ‘ಗ್ರೇಸ್ಕೇಲ್ ಕಾಪಿ ಆಫ್ ಲೇಯರ್’ ಎಂಬುದನ್ನು ಆರಿಸಿದರೆ ಲುಮಿನಾಸಿಟಿ ಮಾಸ್ಕ್ ಸಿದ್ಧ. 2018ರಲ್ಲಿ ಬಂದ 2.10 ಅಥವಾ ಅದರ ನಂತರದ ಆವೃತ್ತಿಯೇ ಇರಲಿ. ಹಳೆಯವು 8 ಬಿಟ್ ದಾಟುತ್ತಿರಲಿಲ್ಲ. ರಾ ಫೈಲುಗಳಿಗೆ ಡಾರ್ಕ್‌ಟೇಬಲ್ ಇದೆ, ಅದರ ಪ್ಯಾರಾಮೆಟ್ರಿಕ್ ಮಾಸ್ಕ್ ಮಾಡುವುದೂ ಇದೇ ಕೆಲಸವನ್ನು.

ಪ್ರಶ್ನೆ: ಇಷ್ಟೆಲ್ಲ ತಿದ್ದಿದ ಮೇಲೆ ಅದು ಛಾಯಾಚಿತ್ರವಾಗಿ ಉಳಿಯುತ್ತದೆಯೇ? – ಶೃಂಗೇರಿಯ ಓದುಗರು

ಉತ್ತರ: ಡಾರ್ಕ್‌ರೂಮಿನ ಕಾಲದಲ್ಲೂ ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿನ ಬೆಳಕಿಗೆ ಅಂಗೈಯನ್ನೋ ರಟ್ಟಿನ ತುಂಡನ್ನೋ ಅಡ್ಡ ಹಿಡಿದು ಒಂದು ಭಾಗವನ್ನು ತಿಳಿಯಾಗಿಸುವುದು, ಇನ್ನೊಂದಕ್ಕೆ ಹೆಚ್ಚು ಬೆಳಕು ಬಿಟ್ಟು ಕಪ್ಪಾಗಿಸುವುದು ನಿತ್ಯದ ಕೆಲಸವಾಗಿತ್ತು. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ಜೋನ್ ಸಿಸ್ಟಮ್ ಕಪ್ಪಿನಿಂದ ಬಿಳಿಯವರೆಗಿನ ಹರವನ್ನು 0ಯಿಂದ 10ರವರೆಗೆ ಹನ್ನೊಂದು ವಲಯಗಳಾಗಿ ವಿಂಗಡಿಸಿ, ಯಾವ ವಸ್ತು ಯಾವ ವಲಯದಲ್ಲಿ ಬೀಳಬೇಕೆಂದು ಶಟರ್ ಒತ್ತುವ ಮೊದಲೇ ನಿರ್ಧರಿಸುವುದನ್ನು ಕಲಿಸಿತು. ಮಾಸ್ಕ್ ಅದೇ ಮನೆತನದ್ದು. ಇಲ್ಲದ ಮೋಡವನ್ನು ತಂದು ಅಂಟಿಸುವುದು ಬೇರೆ ಮಾತು. ಸ್ಪರ್ಧೆಗೆ ಕಳುಹಿಸುವುದಾದರೆ ಆಯಾ ವಿಭಾಗದ ನಿಯಮವನ್ನು ಓದಿಕೊಳ್ಳಿ.

ಪ್ರಶ್ನೆ: ಪರದೆಯ ಮೇಲೆ ಚೆನ್ನಾಗಿದ್ದ ಚಿತ್ರ ಪ್ರಿಂಟ್‌ನಲ್ಲಿ ಕಪ್ಪಿಟ್ಟು ಬಂದಿದೆ. ಲ್ಯಾಬಿನವರ ತಪ್ಪೇ? – ಭದ್ರಾವತಿಯ ಓದುಗರು

ಉತ್ತರ: ಹೆಚ್ಚಿನ ಸಲ ಅಲ್ಲ. ನಾನೇ ಒಮ್ಮೆ ಕವಲೇದುರ್ಗದ ಹನ್ನೆರಡು ಚಿತ್ರಗಳನ್ನು ಕತ್ತಲ ಕೋಣೆಯಲ್ಲಿ, ಪರದೆಯ ಪ್ರಕಾಶವನ್ನು ತುದಿಗೇರಿಸಿಕೊಂಡು ತಿದ್ದಿ, ಒಟ್ಟಿಗೆ ಪ್ರಿಂಟ್ ಹಾಕಿಸಿದೆ. ಕೋಟೆಯ ಗೋಡೆಯ ಕಲ್ಲುಗಳ ಸಂದಿನಲ್ಲಿ ಪಾಚಿಯ ವಿವರವನ್ನು ನೆರಳಿನ ಮಾಸ್ಕ್‌ನಿಂದ ಕಷ್ಟಪಟ್ಟು ಹೊರತಂದಿದ್ದೆ. ಕಾಗದದ ಮೇಲೆ ಅದೆಲ್ಲ ಮಸಿಯಾಗಿತ್ತು. ಪರದೆ ತಾನೇ ಬೆಳಗುತ್ತದೆ, ಕಾಗದ ಎರವಲು ಬೆಳಕಿನಲ್ಲಿ ಕಾಣುತ್ತದೆ. ಪರದೆಯ ಪಕ್ಕದಲ್ಲಿ ಬಿಳಿ ಕಾಗದವೊಂದನ್ನು ಹಿಡಿದು, ಎರಡರ ಬಿಳುಪು ಒಂದೇ ಸಮ ಎನಿಸುವವರೆಗೆ ಪ್ರಕಾಶವನ್ನು ಇಳಿಸಿಕೊಂಡು ಕೆಲಸ ಮಾಡಿ. ಪ್ರಿಂಟಿಗೆ ಕೊಡುವ ಪ್ರತಿಯಲ್ಲಿ ಎರಡು ಸಲ ಛೇದಿಸಿದ ನೆರಳಿನ ಮಾಸ್ಕ್ ಹಾಕಿ 30ನ್ನು 40ಕ್ಕೆ ಎತ್ತಿ, ಫೈಲನ್ನು ಎಸ್‌ಆರ್‌ಜಿಬಿ ಎಂಬ ಬಣ್ಣವ್ಯವಸ್ಥೆಯಲ್ಲಿ ಉಳಿಸಿ. ದೊಡ್ಡ ಅಳತೆಗೆ ಹೇಳುವ ಮೊದಲು 4x6 ಇಂಚಿನ ಒಂದೇ ಒಂದು ಪ್ರತಿ ತೆಗೆಸಿ, ಹಗಲು ಹೊತ್ತಿನಲ್ಲಿ ಕಿಟಕಿಯ ಬಳಿ ಹಿಡಿದು, ಕಲ್ಲಿನ ಸಂದಿನಲ್ಲಿ ಪಾಚಿ ಕಾಣುತ್ತದೆಯೇ ನೋಡಿಕೊಳ್ಳಿ.