ಫಯರ್ ಫೋರ್ಸ್ ಡ್ಯೂಟಿಯ ಕಷ್ಟವನ್ನು ಮನೆಯೊಳಗೆ ತರದೆ ಇರುವುದು ಹೇಗೆ?

ತ್ರಿಶೂರು ಹತ್ತಿರದ ವಿಯ್ಯೂರಿನ ಫಯರ್ ಫೋರ್ಸ್ ಅಕಾಡೆಮಿಗೆ ಟ್ರೈನಿಂಗಿಗೆ ಹೊರಟಿದ್ದೀರಿ, ಆಮೇಲೆ ಮದುವೆ, ಡ್ಯೂಟಿಯ ಸುದ್ದಿ ಮನೆಯಲ್ಲಿ ಎತ್ತಲೇಬಾರದು ಅಂತ ಈಗಲೇ ನಿರ್ಧಾರ. ಬೇಡ ಮಾರಾಯ್ರೇ. ನಾನೂ ಹಾಗೇ ಮಾಡಿದವನು.

ನಮ್ಮ ಕಾಸರಗೋಡಿನಲ್ಲಿ ಬೇಸಿಗೆಗೆ ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಮುಳಿಹುಲ್ಲಿನ ಬೆಂಕಿ, ಮಳೆಗಾಲಕ್ಕೆ ರಸ್ತೆಗೆ ಬಿದ್ದ ಮರ, ವರ್ಷವಿಡೀ ಬಾವಿಗೆ ಬಿದ್ದವರು. ಬಾವಿಗೆ ಮೊದಲು ಮೇಣದ ಬತ್ತಿ ಇಳಿಸಿ ನೋಡುತ್ತೇವೆ. ಅದು ಆರಿದರೆ ಕೆಳಗೆ ಉಸಿರಾಡುವ ಗಾಳಿಯಿಲ್ಲ, ಗಾಳಿಯ ಸಿಲಿಂಡರ್ ಬೆನ್ನಿಗೇರಿಸಿಯೇ ಇಳಿಯಬೇಕು.

ಒಂದು ಮಧ್ಯಾಹ್ನ ನಾನು ಮೇಲೆ ತಂದದ್ದು ನಾಲ್ಕು ವರ್ಷದ ಮಗು. ಒಂದೇ ಕಾಲಲ್ಲಿ ನೀಲಿ ಚಪ್ಪಲಿ. ನನ್ನ ಮಗನದ್ದೂ ಅಂಥದ್ದೇ. ಮನೆಗೆ ಬಂದೆ. ಹೆಂಡತಿ "ಏನಾಯ್ತು?" ಅಂತ ಕೇಳಿದಳು. "ಏನಿಲ್ಲ" ಅಂದೆ.

ಎರಡು ದಿನದೊಳಗೆ ನಮ್ಮ ಬಾವಿಗೆ ಗ್ರಿಲ್ ಹಾಕಿಸಿ ಬೀಗ ಜಡಿದೆ. ಕೀ ಕಿಸೆಯಲ್ಲೇ ಇಟ್ಟುಕೊಂಡು ಡ್ಯೂಟಿಗೆ ಹೋದೆ. ಅವತ್ತು ಕರೆಂಟ್ ಹೋಯಿತು, ಪಂಪ್ ಇಲ್ಲ, ಕೊಡಪಾನ ಇಳಿಸಲು ದಾರಿಯಿಲ್ಲ. ನಾನು ವಾಪಸು ಬಂದಾಗ ಬೀಗ ಒಡೆದಿತ್ತು, ಪಕ್ಕದಲ್ಲಿ ಅರೆಯುವ ಗುಂಡುಕಲ್ಲು. ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಮಗ ಅಮ್ಮನ ಹಿಂದೆ ಅಡಗಿದ.

ಗ್ರಿಲ್ ಹಾಕಿಸಿದ್ದು ಸರಿಯೇ, ಈಗಲೂ ಇದೆ. ಕೀ ಒಯ್ದದ್ದು ದಡ್ಡತನ. ಕೂಗಾಡಿದ್ದಕ್ಕೆ ಕ್ಷಮೆ ಕೇಳಬಹುದಿತ್ತು. ಮನೆ ಹಾಳಾಗಿದ್ದು ಆ "ಏನಿಲ್ಲ"ದಿಂದ. ಅದೊಂದು ಮಾತಿನಿಂದಾಗಿ ಆಮೇಲೆ ನಾನು ಮಾಡಿದ್ದಕ್ಕೆಲ್ಲ ಅವಳ ಪಾಲಿಗೆ ಕಾರಣವೇ ಇರಲಿಲ್ಲ. ಬೀಗ, ಸಿಟ್ಟು, ನಡುರಾತ್ರಿ ಎದ್ದು ಮಗನ ಮೂಗಿನ ಹತ್ತಿರ ಬೆರಳು ಹಿಡಿಯುವುದು. ಮಗುವನ್ನು ನೋಡಿಕೊಳ್ಳಲು ತನಗೆ ಬರುವುದಿಲ್ಲ ಅಂತ ನಾನು ಅಂದುಕೊಂಡಿದ್ದೇನೆ ಅಂತ ಅವಳ ಲೆಕ್ಕ. ಎಂಟು ತಿಂಗಳ ಮೇಲೆ ಯಾವುದೋ ಮದುವೆಮನೆಯಲ್ಲಿ, ಊಟದ ಸಾಲಿನಲ್ಲಿ, ಪಕ್ಕದಲ್ಲಿ ಕೂತವರಿಂದ ಆ ಮಗುವಿನ ಕತೆ ಕೇಳಿದಳು. ಅವತ್ತು ಜಗಳ ಮಾಡಲಿಲ್ಲ. ಸುಮ್ನೆ ತವರಿಗೆ ಹೋದಳು. ಮೂರು ತಿಂಗಳು.

ಮನೆಗೆ ತರಬಾರದ್ದು ಒಂದಿದೆ, ಯೂನಿಫಾರ್ಮಿನ ಮಸಿ. ಅಗ್ನಿಶಾಮಕರ ಕೆಲಸವೇ ಕ್ಯಾನ್ಸರ್ ತರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಹೇಳಿದೆ. ಯೂನಿಫಾರ್ಮನ್ನು ಸ್ಟೇಷನ್ನಲ್ಲೇ ಒಗೆಯಿರಿ. ಉಳಿದದ್ದನ್ನು ಹೇಳಿಬಿಡಿ. ವಿವರ ಬೇಡ. "ಇವತ್ತು ಬಾವಿಯಿಂದ ಮಗು ತೆಗೆದೆ, ಈಗ ಮಾತಾಡಲು ಆಗುವುದಿಲ್ಲ" ಅಂದರೆ ಸಾಕು.

ಕೀ ಈಗ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತದೆ. ನಾನು ಬಂದ ಕೂಡಲೇ ಅವಳು "ಬೆಂಕಿಯಾ, ಬಾವಿಯಾ?" ಅಂತ ಕೇಳುತ್ತಾಳೆ. ಬಾವಿ ಅಂದರೆ, ನನ್ನ ಸ್ನಾನ ಆಗುವ ತನಕ ಬೇರೇನೂ ಕೇಳುವುದಿಲ್ಲ.