ಹೆರಿಗೆ ವಾರ್ಡಿನಲ್ಲಿ ದುಡ್ಡು ಕೇಳಿದರೆ ಯಾರಿಗೆ ಹೇಳೋದು?

ಪ್ರಶ್ನೆ: ಸೊಸೆಯ ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಾಯಿತು. ಇಂಜೆಕ್ಷನ್ ಹೊರಗಿಂದ ತನ್ನಿ ಅಂತ ಬಿಳಿ ಚೀಟಿ ಕೊಟ್ಟರು, 640 ರೂಪಾಯಿ ಆಯಿತು. ಮಗು ತೋರಿಸೋಕೆ ಆಯಾ 500 ಇಸಕೊಂಡರು. ಗ್ರಾಹಕರ ಕೋರ್ಟಿಗೆ ಹೋಗಬಹುದಾ?

ಉತ್ತರ: ಅಮ್ಮಾ, ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವಳು ನಾನು. ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು. ಅದು ನೀವು ಕೊಡಬೇಕಾದ ದುಡ್ಡೇ ಅಲ್ಲ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದ 2011ರಿಂದ ಸರ್ಕಾರಿ ಹೆರಿಗೆಗೆ, ಸಿಸೇರಿಯನ್ ಆದರೂ, ಔಷಧಿ, ರಕ್ತ, ಪರೀಕ್ಷೆ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಉಚಿತ.

ಗ್ರಾಹಕರ ಕೋರ್ಟು ಆಗೋದಿಲ್ಲ. ಎಲ್ಲರಿಗೂ ಪುಕ್ಕಟೆ ಕೊಡುವ ಚಿಕಿತ್ಸೆ ಆ ಕಾಯ್ದೆಯೊಳಗೆ ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ಬಿಳಿ ಚೀಟಿ ಮಾತ್ರ ಎಸೆಯಬೇಡಿ, ಮೆಡಿಕಲ್ ಶಾಪಿನ ಬಿಲ್ಲಿನ ಜೊತೆ ಪಿನ್ ಮಾಡಿ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ದೂರು ಬರೆಸಿ, ನಂಬರ್ ಕೇಳಿ ಇಟ್ಟುಕೊಳ್ಳಿ. ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಕೊಡುವಾಗ ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸದೆ ಮೇಜು ಬಿಟ್ಟು ಏಳಬೇಡಿ. ಅವರು ಸುಮ್ಮನಿದ್ದರೆ, ಏನು ಕ್ರಮ ಆಯಿತು ಅಂತ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಆ 500 ರೂಪಾಯಿ ಲಂಚವೇ, ಅದಕ್ಕೆ ಲೋಕಾಯುಕ್ತರಿದ್ದಾರೆ.